ನನಗೆ ತಿಳಿದ ಭಾಷೆಯಲ್ಲಿ

ಮಂಗಳೂರಿನ ಸೆಷನ್ಸ್ ಕೋರ್ಟು ಬಿಡುಗಡೆ ಮಾಡಿದ ದಿನದಿಂದ ಕಮಲಾಕ್ಷ ಆ ಕೇಸಿನ ಮಾತನ್ನೇ ಬಿಟ್ಟಿದ್ದ. ಆದ್ದರಿಂದ, ಶಿರ್ತಾಡಿಯ ರಸ್ತೆ ಬದಿಯ ಅವನ ಹೋಟೆಲಿಗೆ ಬಂದ ಪೊಲೀಸನೊಬ್ಬ ಬನ್ಸ್ ತಿಂದು, ಕೈ ತೊಳೆದು, ಆಮೇಲೆ ಚೀಲದಿಂದ ಹೈಕೋರ್ಟಿನ ನೋಟಿಸು ಹೊರತೆಗೆದಾಗ, ಅದು ಬೇರೆ ಯಾರಿಗೋ ತಲುಪಿಸಲು ತಂದದ್ದು ಎಂದುಕೊಂಡು ಕಮಲಾಕ್ಷ ಅದನ್ನು ಮೇಜಿನ ಬದಿಗೆ ಸರಿಸಿದ. ಸಹಿ ಹಾಕಬೇಕಾದವರು ನೀವೇ ಎಂದು ಪೊಲೀಸ ಎರಡು ಸಲ ಹೇಳಬೇಕಾಯಿತು.

ಸಂಜೆ ಮಗಳು ಸಾತ್ವಿಕಾ ಬಸ್ಸಿಳಿದು ಬರುವವರೆಗೆ ಕಾಗದ ಅಲ್ಲೇ ಇತ್ತು. ಅವಳು ಮೆಲ್ಕಾರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಅವಳೊಬ್ಬಳೇ. ಚೀಲ ಹೆಗಲಿನಲ್ಲಿದ್ದಂತೆಯೇ ನಿಂತು ಓದಿದಳು. ಕೊಲೆಯತ್ನದ ಆರೋಪದಿಂದ ಕಮಲಾಕ್ಷನನ್ನು ಬಿಟ್ಟದ್ದು ತಪ್ಪೆಂದು ಸರಕಾರ ಅಪೀಲು ಹಾಕಿತ್ತು. ಅದಕ್ಕೆ ಅವನು ಉತ್ತರ ಕೊಡಬೇಕಿತ್ತು.

"ತಿರುಮಲೇಶ್ವರ ಹಾಕಿದ್ದಾ?" ಎಂದು ಅಪ್ಪ ಕೇಳಿದ.

"ಅವರಲ್ಲ. ಸರಕಾರ."

"ಸರಕಾರಕ್ಕೆ ಎಂತ ಆಗಿದೆ? ಪೆಟ್ಟು ಬಿದ್ದದ್ದು ಅವನಿಗೆ. ಅವನಿಗೇ ಬೇಡದ ಕೇಸು ಇವರಿಗೆ ಯಾಕೆ?"

ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ರಾಜೀವಿಯ ಕೈ ನಿಂತಿತು. ಪೆಟ್ಟು ಎಂಬ ಶಬ್ದ ಆ ಮನೆಯಲ್ಲಿ ಯಾರ ಬಾಯಿಯಿಂದಲೂ ಬಂದದ್ದಿರಲಿಲ್ಲ. ಅವರ ಮಾತಿನಲ್ಲಿ ಅದು ಯಾವಾಗಲೂ 'ಆ ವಿಷಯ' ಆಗಿತ್ತು. ಆ ವಿಷಯಕ್ಕೆ ಮಂಗಳೂರಿಗೆ ಹೋಗಬೇಕು, ಆ ವಿಷಯದ ವಕೀಲರು ಫೋನು ಮಾಡಿದ್ದರು, ಆ ವಿಷಯ ಮುಗಿಯಿತು, ಹೀಗೆ.

ಹೋಟೆಲಿನ ಕೊಳೆ ನೀರು ಕೆಳಗಿನ ಮನೆಯ ತಿರುಮಲೇಶ್ವರನ ಬಾವಿಗೆ ಇಳಿಯುತ್ತದೆಂಬ ತಕರಾರು ಹಳೆಯದು. ಒಂದು ಸಂಜೆ ಕರೆಂಟು ಹೋದ ಹೊತ್ತಿನಲ್ಲಿ ಅದು ಅಂಗಳದಲ್ಲೇ ಜಗಳವಾಯಿತು. ಕತ್ತಿಯ ಏಟು ಕುತ್ತಿಗೆಗೆ ಬರುತ್ತಿದ್ದುದನ್ನು ತಿರುಮಲೇಶ್ವರ ಬಲಗೈ ಎತ್ತಿ ತಡೆದ. ಕೈ ಉಳಿಯಿತು, ಎರಡು ಬೆರಳು ಮತ್ತೆ ಮಡಚಲಿಲ್ಲ. ಅವನು ರಬ್ಬರ್ ಟ್ಯಾಪಿಂಗ್ ಮಾಡಿ ಬದುಕುವವನು. ಮರದ ತೊಗಟೆಯನ್ನು ಹದವಾಗಿ ಕೆತ್ತಲು ಬೇಕಾದದ್ದು ಆ ಬೆರಳುಗಳೇ. ಈಗ ಎಡಗೈಯಲ್ಲಿ ಕೆತ್ತುತ್ತಾನೆ, ಮರಗಳಿಗೆ ಗಾಯವಾಗುತ್ತದೆ.

ಸಾತ್ವಿಕಾ ಆಗ ಹಾಸ್ಟೆಲಿನಲ್ಲಿದ್ದಳು. ಕಡಿದದ್ದು ಯಾರೆಂದು ಅವಳು ಅಪ್ಪನನ್ನು ಕೇಳಲಿಲ್ಲ. ಅವಳು ಕೇಳದೆ ಇದ್ದುದರಿಂದ ಅವನಿಗೆ ಸುಳ್ಳು ಹೇಳಬೇಕಾಗಿ ಬರಲಿಲ್ಲ. ವಿಚಾರಣೆಯಲ್ಲಿ ತಿರುಮಲೇಶ್ವರ, ಕತ್ತಲೆಯಲ್ಲಿ ಕಡಿದವರ ಮುಖ ಕಾಣಲಿಲ್ಲ ಎಂದ. ಅವನ ಹೆಂಡತಿಯೂ ಹಾಗೆಯೇ ಹೇಳಿದಳು. ಅಷ್ಟಕ್ಕೆ ಬಿಡುಗಡೆಯಾಯಿತು. ಹಾಗೆ ಹೇಳುವ ಮೊದಲು ಊರಿನ ದೈವದ ತಂಬಿಲದಲ್ಲಿ, ಅಂದರೆ ವರ್ಷಕ್ಕೊಮ್ಮೆ ದೈವಕ್ಕೆ ಬಡಿಸುವ ದಿನ, ಎರಡು ಮನೆಯವರೂ ಎದುರು ಬದುರು ನಿಂತು ಒಂದಾಗಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಅಲ್ಲಿ ಏನು ಮಾತಾಯಿತು ಎಂಬುದು ಗೊತ್ತಿರಲಿಲ್ಲ. ಅಲ್ಲಿಂದೀಚೆಗೆ ತಿರುಮಲೇಶ್ವರ ದಿನಾ ಬೆಳಿಗ್ಗೆ ಹೋಟೆಲಿಗೆ ಬರುತ್ತಿದ್ದ, ಅಪ್ಪ ತಾನೇ ಎದ್ದು ಹೋಗಿ ಅವನಿಗೆ ಚಾ ಇಡುತ್ತಿದ್ದ. ಇಷ್ಟು ಅವಳು ನೋಡಿದ್ದಳು.

ಮರುದಿನ ಕಾಲೇಜು ಮುಗಿಸಿ ಅವಳು ಬಿ.ಸಿ.ರೋಡಿನ ವಕೀಲ ಇಮ್ತಿಯಾಝರ ಆಫೀಸಿಗೆ ಹೋದಳು. ಫರಂಗಿಪೇಟೆಯವರು. ಮಂಗಳೂರಿನಲ್ಲಿ ಕೇಸು ನಡೆಸಿದವರೂ ಅವರೇ. ಹಿಂದಿನ ಸಂಜೆ ಅವಳ ಫೋನು ಬಂದ ಕೂಡಲೇ, ಹೈಕೋರ್ಟಿನಲ್ಲಿ ವಾದಿಸುವ ಬೆಂಗಳೂರಿನ ವಕೀಲರಿಂದ ಅಪೀಲಿನ ಪೂರ್ತಿ ಕಾಗದ ತರಿಸಿಕೊಂಡಿದ್ದರು. ಅಪೀಲು ಬರುವುದು ದೊಡ್ಡ ಸಂಗತಿಯಲ್ಲವೆಂದೂ, ಸಾಕ್ಷಿಗಳು ತಿರುಗಿ ಬಿದ್ದ ಕೇಸನ್ನು ಮೇಲಿನ ಕೋರ್ಟು ಸುಲಭದಲ್ಲಿ ಮುಟ್ಟುವುದಿಲ್ಲವೆಂದೂ ಮೊದಲು ಸಮಾಧಾನ ಹೇಳಿದರು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು.

"ತಲೆಬಿಸಿ ಇದು. ಹೊಸ ಸಾಕ್ಷ್ಯ ಅಂತ ಇದನ್ನು ಸೇರಿಸಲಿಕ್ಕೆ ಅರ್ಜಿ ಹಾಕಿದ್ದಾರೆ."

ಅದು ತಂಬಿಲದ ವಿಡಿಯೋ. ತೆಗೆದವನು ಅವಳ ಅತ್ತೆಯ ಮಗ ಜಿತೇಶ್. ಅವಳಿಲ್ಲದ ಊರಿನ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿ, 'ದೈವದ ನ್ಯಾಯ ಕೋರ್ಟಿಗಿಂತ ದೊಡ್ಡದು' ಎಂದು ಕೆಳಗೆ ಬರೆದು ಕೈಮುಗಿದಿದ್ದ. ಅದು ಅಲ್ಲಿಂದ ಎಲ್ಲೆಲ್ಲಿ ಹೋಯಿತೋ, ಯಾರು ಪೊಲೀಸರಿಗೆ ಮುಟ್ಟಿಸಿದರೋ ತಿಳಿಯದು.

ಪರದೆಯಲ್ಲಿ, ದರ್ಶನ ಬಂದ, ಅಂದರೆ ದೈವ ಮೈಮೇಲೆ ಬಂದ ಪಾತ್ರಿಯ ಎದುರು ಅಪ್ಪ ಶಾಲನ್ನು ಸೊಂಟಕ್ಕೆ ಕಟ್ಟಿ ನಿಂತಿದ್ದ. ಪಕ್ಕದಲ್ಲಿ ತಿರುಮಲೇಶ್ವರ. ಆದದ್ದನ್ನು ಆದ ಹಾಗೆ ಹೇಳಬೇಕು, ಇಲ್ಲಿ ಹೇಳಿದ್ದು ಇಲ್ಲಿಗೇ ಮುಗಿಯುತ್ತದೆ ಎಂದು ದೈವ ನುಡಿ ಕೊಟ್ಟಿತು. ಅಪ್ಪ ಹೇಳಿದ: "ಕಡಿದವ ನಾನೇ. ನನ್ನ ಕೈಯಿಂದಲೇ ಆದದ್ದು. ತಪ್ಪಾಯಿತು."

ಅವನ ಸ್ವರ ನಡುಗಲಿಲ್ಲ. ಚಟ್ನಿ ಮುಗಿಯಿತೆಂದು ಗಿರಾಕಿಗೆ ಹೇಳುವ ಸ್ವರವೇ ಅದು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದೆ ಇದ್ದ ಮಾತು ಇಷ್ಟು ಸಲೀಸಾಗಿ ಅವನ ಬಾಯಿಯಲ್ಲಿ ಇತ್ತಲ್ಲ ಎಂದು ಸಾತ್ವಿಕಾಳಿಗೆ ಅನಿಸಿತು. ಇಬ್ಬರೂ ಈ ಮಾತಿಗೆ ಕಟ್ಟುಬಿದ್ದರು ಎಂಬುದಕ್ಕೆ ಪಾತ್ರಿ ಇಬ್ಬರ ಕೈಗೂ ಗಂಧ ಹಾಕಿದರು. ತಿರುಮಲೇಶ್ವರ ಅದನ್ನು ಎಡಗೈಯಲ್ಲಿ ತೆಗೆದುಕೊಳ್ಳಬಾರದೆಂದು ಮಡಚದ ಬೆರಳುಗಳ ಬಲಗೈಯನ್ನೇ ಮುಂದೆ ಚಾಚಿದ. ಅಲ್ಲಿಗೆ ವಿಡಿಯೋ ಮುಗಿಯಿತು.

"ವಿಡಿಯೋದ ಕೆಳಗೆ ಬರೆದದ್ದನ್ನೂ ಜಡ್ಜ್ ಓದ್ತಾರೆ," ಎಂದರು ಇಮ್ತಿಯಾಝ್. "ಕೋರ್ಟಿಗಿಂತ ದೊಡ್ಡದು ಅಂತ. ಅಷ್ಟೇನೂ ಖುಷಿ ಆಗ್ಲಿಕ್ಕಿಲ್ಲ ಅವರಿಗೆ."

ಬೆಂಗಳೂರಿನ ವಕೀಲರು ಒಂದು ದಾರಿ ಹೇಳಿದ್ದರು. ಸರಕಾರದ ಅರ್ಜಿಗೆ ಆಕ್ಷೇಪಣೆ ಹಾಕಬೇಕು. ಅದರ ಜೊತೆಗೆ ಕಮಲಾಕ್ಷನ ಪ್ರಮಾಣಪತ್ರ ಇರಬೇಕು: ವಿಡಿಯೋ ಈ ಕೇಸಿಗೆ ಸಂಬಂಧಿಸಿದ್ದಲ್ಲ, ಅಲ್ಲಿ ನಡೆದದ್ದು ಬಾವಿಯ ನೀರಿನ ಮಾತುಕತೆ, ಈ ಘಟನೆಯ ಬಗ್ಗೆ ತಾನು ದೈವದ ಎದುರು ಏನನ್ನೂ ಒಪ್ಪಿಕೊಂಡಿಲ್ಲ, ಕೇಳಿಸುವ ಸ್ವರ ತನ್ನದಲ್ಲ. ಸುಮ್ಮನಿದ್ದರೆ ಒಪ್ಪಿದ ಹಾಗೆ ಆಗುತ್ತದೆ. ವಿಡಿಯೋ ಒಳಗೆ ಬಂದರೆ ಬಿಡುಗಡೆ ಉಳಿಯುವುದು ಕಷ್ಟ. ಜೈಲಿಗೆ ಹೋದರೆ ಎಷ್ಟು ವರ್ಷ ಎಂದು ಸಾತ್ವಿಕಾ ಕೇಳಿದಳು. ಅಪ್ಪನ ಪ್ರಾಯ ಎಷ್ಟಾಯಿತು ಎಂದಷ್ಟೇ ಅವರು ತಿರುಗಿ ಕೇಳಿದರು.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿದ. ನಾನು ವಿಡಿಯೋ ನೋಡಿದೆ ಎಂದು ಅವಳು ಹೇಳಲಿಲ್ಲ, ನೋಡಿದೆಯಾ ಎಂದು ಅವನೂ ಕೇಳಲಿಲ್ಲ. ಕೋರ್ಟಿನಲ್ಲಿ ಏನು ಬೇಕಾದರೂ ಹೇಳಲು ಅವನಿಗೆ ಅಡ್ಡಿ ಇರಲಿಲ್ಲ. ಮಂಗಳೂರಿನಲ್ಲಿ ಜಡ್ಜರು ಒಂದೊಂದೇ ಪ್ರಶ್ನೆ ಕೇಳಿದಾಗ ಎಲ್ಲದಕ್ಕೂ ಸುಳ್ಳು, ಸುಳ್ಳು ಎಂದು ಹೇಳಿ ಇಳಿದು ಬಂದವನು. ಅಲ್ಲಿ ಎಲ್ಲರೂ ಹಾಗೆಯೇ ಹೇಳುವುದು, ಕೇಳುವವರಿಗೂ ಅದು ಗೊತ್ತು ಎಂದು ಅವನ ನಂಬಿಕೆ. ದೈವದ ಅಂಗಳ ಹಾಗಲ್ಲ.

"ಕಾಗದದಲ್ಲಿ ಬೇಕಾದ್ದು ಬರೆಯಲಿ," ಎಂದ. "ಅಲ್ಲಿ ಹೇಳಿದ್ದನ್ನು ಹೇಳಲೇ ಇಲ್ಲ ಅಂತ ಮಾತ್ರ ನಾನು ಸಹಿ ಹಾಕುದಿಲ್ಲ. ಜೈಲಿಗೆ ಹೋದರೂ ಅಡ್ಡಿಯಿಲ್ಲ."

"ಹೋಗುವವರು ನೀವು. ಇಲ್ಲಿ ಇರುವವರು ನಾವು," ಎಂದಳು ರಾಜೀವಿ.

ಅವನು ಹೋಟೆಲಿನ ಬಾಗಿಲು ಹಾಕಲು ಹೋದ.

ಬೆಳಿಗ್ಗೆ ತಿರುಮಲೇಶ್ವರ ಬಂದಾಗ ಸಾತ್ವಿಕಾ ಬಸ್ಸಿಗೆ ಹೊರಟು ನಿಂತಿದ್ದಳು. ಅವನು ಒಳಗೆ ಹೋಗಿ ಕುಳಿತುಕೊಳ್ಳದೆ ಬಾಗಿಲಲ್ಲೇ ನಿಂತ.

"ನಾನು ಹಾಕಿದ್ದಲ್ಲ ಮಾರಾಯ ಅದು," ಎಂದ.

"ಗೊತ್ತುಂಟು," ಎಂದ ಅಪ್ಪ. "ಕೂತುಕೋ."

"ಪೊಲೀಸರು ನಿನ್ನೆ ಪೇಟೆಯಲ್ಲಿ ಸಿಕ್ಕಿ, ನಿಜ ಹೇಳ್ತೀಯಾ ಅಂತ ಕೇಳಿದರು. ಕತ್ತಲಿತ್ತು, ಕಾಣಲಿಲ್ಲ ಅಂದೆ. ಎಷ್ಟು ಸಲ ಕೇಳಿದರೂ ಅದೇ ಹೇಳ್ತೇನೆ." ಎಡಗೈಯನ್ನು ಬಾಗಿಲ ಚೌಕಟ್ಟಿಗೆ ಊರಿದ. "ಆದರೆ ನನಗೂ ಒಂದು ಉಂಟು, ಕಮಲಾಕ್ಷ. ಮಕ್ಕಳು ಮರಿ ಇರುವವ ನಾನು, ಕೋರ್ಟಿಗೆ ಹೋಗಿ ಸುಳ್ಳು ಹೇಳಿದ್ದೇನೆ. ಆ ಗಂಧದ ಧೈರ್ಯದಲ್ಲಿ ಹೇಳಿದ್ದು. ನೀನು ಅಲ್ಲಿ ಹೇಳಿದ ಒಂದು ಮಾತು ಉಂಟಲ್ಲ, ನನಗೆ ಸಿಕ್ಕಿದ್ದು ಅದೊಂದೇ. ಅದನ್ನು ನುಂಗಬೇಡ."

"ನುಂಗುದಿಲ್ಲ," ಎಂದ ಅಪ್ಪ.

ತಿರುಮಲೇಶ್ವರ ಒಳಗೆ ಹೋಗಿ ಕುಳಿತ. ಅವನ ಚಹಾ ಆಗುವವರೆಗೆ ಇಬ್ಬರೂ ರಬ್ಬರಿನ ಧಾರಣೆ ಇಳಿದದ್ದರ ಬಗ್ಗೆ ಮಾತಾಡಿದರು.

ಬಸ್ಸಿನಲ್ಲಿ ಸಾತ್ವಿಕಾ ಅದನ್ನೇ ಯೋಚಿಸಿದಳು. ಇಬ್ಬರು ಗಂಡಸರು ಬಾಗಿಲಲ್ಲಿ ನಿಂತು, ಒಂದು ವಾಕ್ಯವನ್ನು ಆಸ್ತಿಯ ಹಾಗೆ ಹಂಚಿಕೊಂಡು ಮುಗಿಸಿದ್ದರು. ಅದರಲ್ಲಿ ಅವಳಿಗಾಗಲಿ ಅಮ್ಮನಿಗಾಗಲಿ ಪಾಲಿರಲಿಲ್ಲ. ಜೈಲಿನ ಪಾಲು ಮಾತ್ರ ಇತ್ತು. ಅಪ್ಪನ ಹಟ ಅವಳಿಗೆ ದೊಡ್ಡತನವಾಗಿ ಕಾಣಲಿಲ್ಲ. ಮಡಚದ ಬೆರಳುಗಳನ್ನು ದಿನಾ ಎದುರಿಗೆ ಕೂರಿಸಿಕೊಂಡು ಚಾ ಕುಡಿಸುವವನಿಗೆ ತನ್ನ ಮಾತು ಕೆಡಬಾರದು ಎಂಬುದು ಒಂದು ಬಗೆಯ ಶೋಕಿಯಂತೆ ಕಂಡಿತು. ಆ ಯೋಚನೆಯ ಕಹಿ ಅವಳಿಗೇ ಇಷ್ಟವಾಗಲಿಲ್ಲ, ಆದರೂ ಅದನ್ನು ಬಿಡಲಿಲ್ಲ. ಕಾಗದ ಹೋಗುವುದು ಬೆಂಗಳೂರಿಗೆ. ಅದು ಇಂಗ್ಲಿಷಿನಲ್ಲಿ ಇರುತ್ತದೆ. ಸಾವಿರಾರು ಕಾಗದಗಳ ನಡುವೆ ಒಂದು ಪುಟದ ಒಂದು ಪ್ಯಾರಾ. ಅದನ್ನು ಶಿರ್ತಾಡಿಯವರೆಗೆ ಯಾರು ಹೊತ್ತು ತರುತ್ತಾರೆ?

ಮಧ್ಯಾಹ್ನ ಇಮ್ತಿಯಾಝರಿಗೆ ಫೋನು ಮಾಡಿ, ಅಪ್ಪ ಆ ಮಾತಿಗೆ ಒಪ್ಪುವುದಿಲ್ಲ ಎಂದಳು.

"ಸಹಿ ಹಾಕುವ ಮೊದಲು ಅದನ್ನು ಅವರಿಗೆ ತಿಳಿದ ಭಾಷೆಯಲ್ಲಿ ಓದಿ ಹೇಳ್ಬೇಕು ಅಂತ ಕಾನೂನು ಉಂಟು," ಎಂದರು ಅವರು. "ಓದಿ ಹೇಳುವವರು ನೀವೇ ಆಗಿ. ಅಪ್ಪನಿಗೆ ಮಗಳು ಹೇಳಿದರೆ ಯಾರೂ ತಪ್ಪು ಹಿಡಿಯುದಿಲ್ಲ."

ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಹೆಚ್ಚು ಹೇಳಬೇಕಾದ ಅಗತ್ಯವಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಮನೆಗೆ ಬಂದು ಅಪ್ಪನೊಡನೆ, ಆ ಮಾತನ್ನು ತೆಗೆಸಿದ್ದೇನೆ, ಸಹಿಗೆ ಬರಬೇಕಂತೆ ಎಂದಳು. ಅಮ್ಮ ಅವಳನ್ನು ಒಳಗೆ ಕರೆದು, "ಹೇಗಾದರೂ ಆಗಲಿ. ಹೇಗೆ ಅಂತ ನನಗೆ ಹೇಳಬೇಡ," ಎಂದಳು.

ಆಫೀಸಿನಲ್ಲಿ ನೋಟರಿಯ ಗುಮಾಸ್ತ ಮೊಹರಿನ ಪೆಟ್ಟಿಗೆ ತೆರೆದು ಕುಳಿತಿದ್ದ. ಅಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಸಾತ್ವಿಕಾ ಅವನ ಪಕ್ಕದಲ್ಲಿ ಕುಳಿತು ಒಂದೊಂದೇ ಪ್ಯಾರಾ ತುಳುವಿನಲ್ಲಿ ಹೇಳುತ್ತಾ ಹೋದಳು. ತಾನು ಈ ಅಪೀಲಿನಲ್ಲಿ ಎದುರುದಾರ. ಸೆಷನ್ಸ್ ಕೋರ್ಟಿನ ತೀರ್ಪು ಸರಿಯಾಗಿದೆ. ಸರಕಾರ ತಡವಾಗಿ ಬಂದಿದೆ. ಅಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿದ. ಆರನೆಯ ಪ್ಯಾರಾ ಬಂತು.

ಅದರಲ್ಲಿ ಬರೆದಿತ್ತು: ನಾನು ಯಾವುದೇ ದೈವದ ಅಥವಾ ವ್ಯಕ್ತಿಯ ಎದುರು ಈ ಘಟನೆಯ ಬಗ್ಗೆ ಯಾವ ಮಾತನ್ನೂ ಹೇಳಿಲ್ಲ.

"ಆ ವಿಡಿಯೋ ಯಾರು ತೆಗೆದದ್ದು ಅಂತ ಸರಕಾರ ಹೇಳಿಲ್ಲ," ಎಂದಳು ಸಾತ್ವಿಕಾ. "ಆದ್ದರಿಂದ ಅದರ ಬಗ್ಗೆ ನಾನು ಏನೂ ಹೇಳುದಿಲ್ಲ. ಅಷ್ಟೇ ಇರುದು."

ಅಪ್ಪ ಇನ್ನೊಮ್ಮೆ ಹೇಳು ಎಂದ. ಅವಳು ಅದನ್ನೇ, ಅದೇ ಶಬ್ದಗಳಲ್ಲಿ, ಇನ್ನೊಮ್ಮೆ ಹೇಳಿದಳು. ಎದುರಿಗೆ ಕುಳಿತ ಇಮ್ತಿಯಾಝರ ಮನೆಮಾತು ಬ್ಯಾರಿಯಾದರೂ ತುಳು ಅವರಿಗೆ ಅವಳಷ್ಟೇ ಚೆನ್ನಾಗಿ ಬರುತ್ತಿತ್ತು. ಅವರು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದರು.

"ಹೇಳುದಿಲ್ಲ ಅಂತ. ಹೇಳಲಿಲ್ಲ ಅಂತ ಅಲ್ಲ," ಎಂದು ಅಪ್ಪ ತನ್ನಷ್ಟಕ್ಕೆ ಎಂಬಂತೆ ಹೇಳಿದ.

"ಹೌದು."

ಅವನು ಸಹಿ ಹಾಕಿದ. ಕೆಳಗೆ, ಮೇಲಿನ ವಿವರಗಳನ್ನು ನನಗೆ ತಿಳಿದ ಭಾಷೆಯಲ್ಲಿ ನನ್ನ ಮಗಳು ಓದಿ ಹೇಳಿದ್ದಾಳೆ ಎಂಬ ಸಾಲಿನ ಪಕ್ಕ ಅವಳೂ ಹಾಕಿದಳು. ಹಿಂದೆ ಬರುವಾಗ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಅಪ್ಪ ಅವಳಿಗೆ ಕಬ್ಬಿನ ಹಾಲು ಕೊಡಿಸಿದ. ಚಿಕ್ಕವಳಿದ್ದಾಗ ಕೊಡಿಸುತ್ತಿದ್ದ, ಆಮೇಲೆ ಬಿಟ್ಟಿದ್ದ. ಅವಳು ಪೂರ್ತಿ ಕುಡಿದಳು.

ತಿರುಮಲೇಶ್ವರ ಚಹಾಕ್ಕೆ ಬರುವುದನ್ನು ನಿಲ್ಲಿಸಿದ್ದು ಮಳೆ ಹಿಡಿಯುವ ಮೊದಲು. ಜ್ವರವಿರಬೇಕೆಂದು ಅಪ್ಪ ಅಂದುಕೊಂಡ. ನಾಲ್ಕಾರು ದಿನ ಬಿಟ್ಟು ನೋಡಲು ಹೋದಾಗ, ತಿರುಮಲೇಶ್ವರನ ಹೆಂಡತಿ ಅಂಗಳದಲ್ಲೇ ನಿಂತು, ಅವರಿಲ್ಲ ಎಂದಳಂತೆ. ಅವನ ಚಪ್ಪಲಿ ಜಗಲಿಯಲ್ಲೇ ಇತ್ತೆಂದು ಅಪ್ಪ ಬಂದು ಹೇಳಿದ.

ಏನಾಯಿತೆಂದು ಸಾತ್ವಿಕಾಳಿಗೆ ತಿಳಿದದ್ದು ತಿರುಮಲೇಶ್ವರನ ಮಗಳು ದೀಕ್ಷಾಳಿಂದ. ಮೂಡುಬಿದಿರೆಯಲ್ಲಿ ಡಿಗ್ರಿ ಓದುವ ಹುಡುಗಿ. ಬಸ್ ಸ್ಟ್ಯಾಂಡಿನಲ್ಲಿ ಅವಳೇ ಹತ್ತಿರ ಬಂದಳು. ಸರಕಾರಿ ವಕೀಲರು ಕಮಲಾಕ್ಷನ ಆಕ್ಷೇಪಣೆಯ ಪ್ರತಿಯನ್ನು ಠಾಣೆಗೆ ಕಳಿಸಿದ್ದರು, ಅದಕ್ಕೆ ಊರಿನವರಿಂದ ಉತ್ತರ ಪಡೆಯುವಂತೆ ಹೇಳಿ. ಪೊಲೀಸರು ಅದನ್ನು ಹಿಡಿದುಕೊಂಡು ನೇರ ಅವರ ಮನೆಗೆ ಬಂದಿದ್ದರು. ನಿನ್ನ ನೆರೆಯವ ಏನು ಬರೆದುಕೊಟ್ಟಿದ್ದಾನೆ ಓದಿಸಿ ನೋಡು ಎಂದು ಅಲ್ಲೇ ಕುಳಿತಿದ್ದರು.

"ನಾನೇ ಓದಿದ್ದು ಅಕ್ಕಾ," ಎಂದಳು ದೀಕ್ಷಾ. "ಅಪ್ಪ ಮೂರು ಸಲ ಓದಿಸಿದರು. ಸರಿಯಾಗಿ ಓದು, ಅವ ಹಾಗೆ ಹೇಳುವವ ಅಲ್ಲ ಅಂತ ನನಗೇ ಬೈದರು."

ಸಾತ್ವಿಕಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಕೊನೆಗೆ ನಿಮ್ಮ ಸಹಿ ಇತ್ತು. ಓದಿ ಹೇಳಿದ್ದಾರೆ ಅಂತ. ಅದನ್ನು ಕೇಳಿದ ಮೇಲೆ ಅಪ್ಪ ನಂಬಿದರು." ಶಿರ್ತಾಡಿಯ ಬಸ್ಸು ಬಂತು. ದೀಕ್ಷಾ ಹತ್ತಿದಳು. ಸಾತ್ವಿಕಾ ಮುಂದಿನ ಬಸ್ಸಿಗೆ ನಿಂತಳು.

ಇಮ್ತಿಯಾಝ್ ಫೋನಿನಲ್ಲಿ ಉಳಿದದ್ದನ್ನು ಹೇಳಿದರು. ತಿರುಮಲೇಶ್ವರ ಪ್ರಮಾಣ ಮಾಡಿ ಎಲ್ಲವನ್ನೂ ಬರೆದುಕೊಟ್ಟಿದ್ದ: ಕಡಿದದ್ದು ಯಾರು, ತಂಬಿಲದಲ್ಲಿ ಯಾರು ಏನು ಹೇಳಿದರು, ತಾನು ಕೋರ್ಟಿನಲ್ಲಿ ಯಾಕೆ ಸುಳ್ಳು ಹೇಳಿದೆ, ಎಲ್ಲ. ಸುಳ್ಳು ಸಾಕ್ಷಿಗೆ ತಾನೂ ಒಳಗೆ ಹೋಗಬಹುದೆಂದು ಪೊಲೀಸರು ಎಚ್ಚರಿಸಿದರೂ ಕೇಳಲಿಲ್ಲವಂತೆ. ವಿಡಿಯೋ ಒಂದೇ ಇದ್ದಿದ್ದರೆ ಹೇಗಾದರೂ ತಳ್ಳಬಹುದಿತ್ತು, ಇನ್ನು ಕಷ್ಟ ಎಂದರು. "ಸುಮ್ಮನೆ ಇದ್ದಿದ್ದರೆ ಒಳ್ಳೇದಿತ್ತಾ ಅಂತ ನನ್ನ ಹತ್ರ ಕೇಳಬೇಡಿ," ಎಂದು ಅವರೇ ಹೇಳಿ ಫೋನು ಇಟ್ಟುಬಿಟ್ಟರು. ಅವಳು ಕೇಳಿರಲಿಲ್ಲ.

ಅಪ್ಪನಿಗೆ ಸುದ್ದಿ ಪೇಟೆಯಿಂದಲೇ ಮುಟ್ಟಿತ್ತು, ಅದರಲ್ಲಿ ಅರ್ಧ ಮಾತ್ರ: ತಿರುಮಲೇಶ್ವರ ತಿರುಗಿ ಬಿದ್ದ. ಯಾಕೆ ಎಂಬುದನ್ನು ಅವನ ಎದುರು ಯಾರೂ ಹೇಳಿರಲಿಲ್ಲ. ಅವನಿಗೇ ಗೊತ್ತಿದೆ ಎಂದು ಎಲ್ಲರೂ ತಿಳಿದಿದ್ದರು. ಬೆಳಗಿನ ಗಿರಾಕಿಗಳು ಕಡಿಮೆಯಾದರು. ಬಂದವರು ಅವನ ಮುಖ ನೋಡದೆ ತಿಂದು ಹೋದರು. ಅದೂ ತಿರುಮಲೇಶ್ವರ ಹಬ್ಬಿಸಿದ ಮಾತಿನಿಂದಲೇ ಎಂದು ಅಪ್ಪ ನಂಬಿದ. ಊಟ ಸರಿಯಾಗಿ ಮಾಡಲಿಲ್ಲ. ಒಬ್ಬನೇ ಇರುವಾಗ ಮಾತಾಡಿಕೊಂಡ.

ಹೇಳಿಬಿಡಬೇಕೆಂದು ಸಾತ್ವಿಕಾ ಎರಡು ಮೂರು ಸಲ ಹತ್ತಿರ ಹೋದಳು. ಹೇಳಿದರೆ ಅವನು ನೇರ ಕೆಳಗಿನ ಮನೆಗೆ ಹೋಗುತ್ತಾನೆ, ತಿರುಮಲೇಶ್ವರನ ಎದುರು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಆಮೇಲೆ ಅದೇ ಮಾತನ್ನು ಕೋರ್ಟಿಗೂ ಬರೆದುಕೊಡು ಎನ್ನುತ್ತಾನೆ. ಹೇಳದಿದ್ದರೆ ಅವನು ತನ್ನ ಮಾತು ಉಳಿದಿದೆ ಎಂದುಕೊಂಡು ಜೈಲಿಗೆ ಹೋಗುತ್ತಾನೆ. ಈ ಮನೆಯಲ್ಲಿ ಕೇಳದೆ ಇರುವುದನ್ನು ಅವನು ಕಲಿಸಿದ್ದ. ಹೇಳದೆ ಇರುವುದನ್ನು ಅವಳು ತಾನಾಗಿ ಕಲಿತಿದ್ದಳು.

ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಯಾರೂ ಇರಲಿಲ್ಲ. ರಾಜೀವಿ ಮೂವರಿಗೂ ಅಲ್ಲೇ ಮೇಜಿನ ಮೇಲೆ ಬಡಿಸಿದಳು. ಅಪ್ಪ ಅನ್ನವನ್ನು ಕಲಸುತ್ತಾ ಕುಳಿತಿದ್ದವನು ಕೈ ನಿಲ್ಲಿಸಿದ.

"ಜೈಲಿಗೆ ನಾನು ಹೆದರುದಿಲ್ಲ," ಎಂದ. "ನಾನು ಕಡಿದದ್ದು ಹೌದು. ಅದನ್ನು ಹೇಳಬೇಕಾದಲ್ಲಿ ಹೇಳಿದ್ದೇನೆ. ಆದರೆ ಅವ, ಗಂಧ ಹಿಡಿದು ಮಾತು ಕೊಟ್ಟವ, ಮುರಿದದ್ದು ಯಾಕೆ? ನಾನು ನನ್ನ ಮಾತು ನುಂಗಿದೆನಾ? ನುಂಗಲಿಲ್ಲ."

ಕಡಿದದ್ದು ತಾನೆಂದು ಮಗಳ ಎದುರು ಅವನು ಹೇಳಿದ್ದು ಅದೇ ಮೊದಲು. ಹೇಳಿದ್ದೇನೆ ಎಂಬುದು ಅವನ ಗಮನಕ್ಕೂ ಬಂದಂತಿರಲಿಲ್ಲ. ರಾಜೀವಿ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದಳು.

"ಬರುವ ತಂಬಿಲದಲ್ಲಿ ದೂರು ಇಡ್ತೇನೆ. ಇಬ್ಬರಲ್ಲಿ ಮಾತು ಕೆಡಿಸಿದ್ದು ಯಾವ ಮನೆ ಅಂತ ದೈವವೇ ಹೇಳಲಿ. ಕೆಡಿಸಿದವರನ್ನು ದೈವವೇ ನೋಡಿಕೊಳ್ಳಲಿ. ಬಿಡಬಾರದು." ಅವನು ಸಾತ್ವಿಕಾಳ ಕಡೆಗೆ ತಿರುಗಿದ. ಎಷ್ಟೋ ದಿನಗಳ ಮೇಲೆ ಅವನ ಮುಖ ಗೆಲುವಾಗಿತ್ತು. "ನೀನೂ ಬರಬೇಕು. ನನ್ನ ಮಾತು ಒಂದೇ ಆದರೆ ಕೆಳಗಿನ ಮನೆಯವರು ಒಪ್ಪಲಿಕ್ಕಿಲ್ಲ. ಕಾಗದ ಓದಿದವಳು ನೀನು. ಅದರಲ್ಲಿ ಎಂತ ಬರೆದಿತ್ತು ಅಂತ ದೈವದ ಎದುರು ನೀನೇ ಹೇಳು. ಬರ್ತೀಯಲ್ಲ?"

ಅಮ್ಮ ಅವಳನ್ನು ನೋಡಲಿಲ್ಲ.

"ಬರ್ತೇನೆ," ಎಂದಳು ಸಾತ್ವಿಕಾ.

ಅಪ್ಪ ತಲೆಯಾಡಿಸಿ ಊಟಕ್ಕೆ ತೊಡಗಿದ. ಆ ದಿನ ಎರಡನೆಯ ಸಲ ಅನ್ನ ಹಾಕಿಸಿಕೊಂಡ.